ಬೈಪ್ಯಾಪ್ ಹಾಕಿ ಮಲಗುವವರಿಗೆ ಏರ್‌ಫಿಟ್ ಎಫ್20 ಮಾಸ್ಕ್ ಹೇಗಿದೆ?

ಬೊಜ್ಜಿನಿಂದ ಉಸಿರಾಟ ಕುಗ್ಗಿ, ಹಗಲಲ್ಲೂ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಒತ್ತಡ 45 ಎಂಎಂ (ಪಾದರಸ) ದಾಟಿದವರಿಗೆ ವೈದ್ಯರು ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಅಥವಾ ಬೈಪ್ಯಾಪ್ ಯಂತ್ರ ಬರೆಯುತ್ತಾರೆ. ಮನೆಯವರು ಮೈಸೂರಿನ ಅಂಗಡಿಗಳನ್ನೆಲ್ಲ ಸುತ್ತಿ ಯಂತ್ರ ಆರಿಸುತ್ತಾರೆ, ಮಾಸ್ಕ್ ಮಾತ್ರ ಅಂಗಡಿಯವರು ಕೊಟ್ಟದ್ದೇ. ತೊಂದರೆ ಶುರುವಾಗುವುದು ಅಲ್ಲಿಂದ.

ರೆಸ್‌ಮೆಡ್ ಕಂಪನಿಯ ಏರ್‌ಫಿಟ್ ಎಫ್20 ಮಾಸ್ಕ್ ಮೂಗು, ಬಾಯಿ ಎರಡನ್ನೂ ಮುಚ್ಚುತ್ತದೆ. ಬಾಯಿ ತೆರೆದು ಮಲಗುವವರಿಗೆ ಮೂಗಿನ ಮಾಸ್ಕ್‌ಗಿಂತ ಇದೇ ಮೇಲು. ಮುಖಕ್ಕೆ ತಾಗುವ ಸಿಲಿಕೋನ್ ಕುಶನ್ ಸ್ಮಾಲ್, ಮೀಡಿಯಂ, ಲಾರ್ಜ್ ಅಳತೆಗಳಲ್ಲಿ ಸಿಗುತ್ತದೆ. ಮೈ ದಪ್ಪವಿದೆ ಎಂದು ಲಾರ್ಜ್ ಕೊಟ್ಟರೆ ಒಪ್ಪಬೇಡಿ, ಮುಖ ಅಳೆಸಿ.

ಕೂತು ಪಟ್ಟಿ ಬಿಗಿದರೆ ಪ್ರಯೋಜನವಿಲ್ಲ. ಮಲಗಿದಾಗ ಕೆನ್ನೆಯ ಮಾಂಸ ಜಾರುತ್ತದೆ, ಕುಶನ್ ಕದಲುತ್ತದೆ. ಮಲಗಿ, ಯಂತ್ರ ಹಾಕಿ, ಗಾಳಿ ಬರುತ್ತಿರುವಾಗಲೇ ಸರಿಮಾಡಿ. ಸೋರಿದರೆ ಮೊದಲು ಮಾಸ್ಕನ್ನು ಮುಖದಿಂದ ತುಸು ಎತ್ತಿ, ಕುಶನ್ ಗಾಳಿ ತುಂಬಿಕೊಂಡ ಮೇಲೆ ಮತ್ತೆ ಕೂರಿಸಿ. ಆಗಲೂ ನಿಲ್ಲದಿದ್ದರೆ ಪಟ್ಟಿ ಸ್ವಲ್ಪವೇ ಎಳೆಯಿರಿ. ಬಿಗಿದಷ್ಟೂ ಕುಶನ್ ಚಪ್ಪಟೆಯಾಗಿ ಇನ್ನಷ್ಟು ಸೋರುತ್ತದೆ, ಮೂಗಿನ ಮೇಲೆ ಹುಣ್ಣೂ ಆಗುತ್ತದೆ. ದಪ್ಪ ಮೀಸೆ, ಗಡ್ಡ ಇದ್ದವರಿಗೆ ಪೂರ್ತಿ ನಿಲ್ಲುವುದು ಕಷ್ಟ. ರೆಸ್‌ಮೆಡ್ ಯಂತ್ರವಾದರೆ ಅದು ತೋರಿಸುವ ಸೋರಿಕೆ ನಿಮಿಷಕ್ಕೆ 24 ಲೀಟರ್ ಒಳಗಿರಲಿ.

ಮುಂಭಾಗದ ಸಣ್ಣ ತೂತುಗಳಿಂದ ಸುಯ್ಯೆಂದು ಗಾಳಿ ಬರುತ್ತದೆ. ಅದು ಸೋರಿಕೆಯಲ್ಲ, ಬಿಟ್ಟ ಉಸಿರು ಹೊರಹೋಗುವ ದಾರಿ. ಸದ್ದಾಗುತ್ತದೆಂದು ಟೇಪ್ ಅಂಟಿಸುವವರಿದ್ದಾರೆ. ದಯವಿಟ್ಟು ಬೇಡ! ಯಾವ ಡೈಆಕ್ಸೈಡ್ ಇಳಿಸಲು ಯಂತ್ರ ತಂದಿರೋ ಅದನ್ನೇ ಮತ್ತೆ ಉಸಿರಾಡಿದಂತೆ. ಮಂಡ್ಯದ ಹಳ್ಳಿಗಳಲ್ಲಿ ರಾತ್ರಿ ಕರೆಂಟು ಹೋದರೆ ಹೊರಗಿನ ಗಾಳಿ ಒಳಬರಲು ಇದರಲ್ಲಿ ವಾಲ್ವ್ ಇದೆ, ಅಷ್ಟರಿಂದ ಚಿಕಿತ್ಸೆ ನಡೆಯದು. ಇನ್ವರ್ಟರ್ ಬೇಕೇ ಬೇಕು.

ದೊಡ್ಡ ಕೊರತೆ ಪಟ್ಟಿಯ ಕ್ಲಿಪ್ಪಿನ ಅಯಸ್ಕಾಂತ. ಪೇಸ್‌ಮೇಕರ್‌ನಂಥ ಸಾಧನ ದೇಹದಲ್ಲಿದ್ದರೆ, ಅಥವಾ ಪಕ್ಕದಲ್ಲಿ ಮಲಗುವವರಿಗಿದ್ದರೆ, ಈ ಮಾಸ್ಕ್ ಬಿಟ್ಟು ಅಯಸ್ಕಾಂತವಿಲ್ಲದ್ದು ಕೇಳಿ.

ಕುಶನ್ ದಿನವೂ, ಪಟ್ಟಿ ವಾರಕ್ಕೊಮ್ಮೆ, ಮೃದು ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಡೆಟಾಲ್, ಸ್ಪಿರಿಟ್ ತಾಗಿಸಬೇಡಿ. ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್‌ಗೆ ಡಿಸ್ಟಿಲ್ಡ್ ನೀರನ್ನೇ ಹಾಕಿ. ಬೋರ್ ನೀರು ಹಾಕಿದರೆ ಬಿಳಿ ಪೊರೆ ಕಟ್ಟುತ್ತದೆ. ಕುಶನ್ ಬಿಗಿ ಕಳೆದುಕೊಂಡರೆ ಅದೊಂದನ್ನೇ ಬದಲಿಸಬಹುದು. ಇಡೀ ಮಾಸ್ಕ್ ತಗೊಳ್ಳಲೇಬೇಕು ಎನ್ನುವ ಅಂಗಡಿ ಬಿಟ್ಟು ಬೇರೆ ಕಡೆ ಕೇಳಿ.