ಏನು ಕೊಡಲಿ ಅನ್ನಲಿಲ್ಲ, ಏನು ಕೆಲಸ ಬರ್ತದೆ ಅಂದರು

2018ರ ಆಗಸ್ಟ್ ಮಳೆಗೆ ಕೊಡಗಿನ ಮಕ್ಕಂದೂರು ಕಡೆ ಗುಡ್ಡದ ಬರೆ ಜರಿದು ನಮ್ಮ ಮನೆ ಹೋಯಿತು. ಸುಂಟಿಕೊಪ್ಪದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಸಹಾಯಕ್ಕೆ ಬಹಳ ಜನ ಬಂದರು. ಒಂದು ಗುಂಪಿನವರು ಮಗಳ ಕೈಗೆ ಅಕ್ಕಿ ಚೀಲ ಕೊಟ್ಟು, ಮೂರು ಸಲ ನಿಲ್ಲಿಸಿ ಫೋಟೋ ತೆಗೆದರು. ಅವಳು ಆ ರಾತ್ರಿ ಊಟ ಮಾಡಲಿಲ್ಲ.

ಸಂತ ವಿನ್ಸೆಂಟ್ ದಿ ಪೌಲ್ ಸಭೆ ಅಂತ, ಕಷ್ಟದಲ್ಲಿರುವವರಿಗೆ ನೆರವಾಗುವ ಕ್ಯಾಥೊಲಿಕರ ಒಂದು ಸಂಘ. ಅಲ್ಲಿಂದ ಬಂದವರು ಇಬ್ಬರೇ. ಒಬ್ಬರು ರಿಟೈರ್ಡ್ ಮೇಷ್ಟ್ರು, ಇನ್ನೊಬ್ಬರು ಒಬ್ಬ ಅಕ್ಕ. ಬರಿಗೈಯಲ್ಲಿ ಬಂದಿದ್ದರು. ಚಾಪೆ ಮೇಲೆ ಕೂತು ಬೆಲ್ಲದ ಕಾಫಿ ಕುಡಿದರು.

"ನಿನಗೆ ಏನು ಕೆಲಸ ಬರ್ತದೆ ಮಗಳೇ?" ಅಂದರು ಮೇಷ್ಟ್ರು. ಅಷ್ಟು ದಿನದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಹೊಲಿಗೆ ಅಂದೆ.

ಮೂರು ವಾರಕ್ಕೆ ಕಾಲಿನ ಮೆಷಿನ್ ಬಂತು. ಹಳೆಯದು, ಬೆಲ್ಟ್ ಜಾರುತ್ತಿತ್ತು. ಮುಂದಿನ ಸಲ ಅಕ್ಕ ಹೊಸ ಬೆಲ್ಟ್ ತಂದರು. ಚಕ್ರಕ್ಕೆ ಸುತ್ತಿ ಅಳತೆ ನೋಡಿ ಕತ್ತರಿಸಿದರು. ತುದಿಗೆ ತಂತಿಯ ಕೊಕ್ಕೆ ಹಾಕಿ, ನಾನು ಒಂದು ಲಂಗದ ಅಂಚು ಹೊಲಿದ ಮೇಲೆಯೇ ಎದ್ದರು. ಆಮೇಲೂ ವರ್ಷವಿಡೀ ಬರುತ್ತಿದ್ದರು. ನಾವು ಚರ್ಚಿಗೆ ಹೋಗುವವರಲ್ಲ. ಆ ಮಾತೇ ಬರಲಿಲ್ಲ.

ಇಬ್ಬಿಬ್ಬರಾಗಿ ಮನೆಗೆ ಹೋಗಿ ಕೂತು ಮಾತಾಡುವುದೇ ಇವರ ಮೊದಲ ಕೆಲಸ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಜಾನಾಂ ಎಂಬ 20 ವರ್ಷದ ಕಾಲೇಜು ಹುಡುಗ ಗೆಳೆಯರ ಜೊತೆ ಇದನ್ನು ಶುರು ಮಾಡಿದ್ದು. ಬಡವರ ಕೇರಿಯಲ್ಲಿ ದುಡಿಯುತ್ತಿದ್ದ ರೊಸಾಲಿ ರಾಂದು ಎಂಬ ಸಿಸ್ಟರ್ ಆ ಹುಡುಗರಿಗೆ ದಾರಿ ತೋರಿಸಿದರು. ನಮ್ಮ ದೇಶಕ್ಕೆ ಬಂದದ್ದು 1863ರಲ್ಲಿ. ಇದೆಲ್ಲ ನಾನು ಹೊಲಿಯುತ್ತಿದ್ದಾಗ ಮೇಷ್ಟ್ರು ಹೇಳಿದ್ದು.

ನನಗೆ ತುಂಬಾ ಹಿಡಿಸಿದ್ದು ಅವರ ಚೀಲ. ಸದಸ್ಯರು ಸೇರಿದಾಗಲೆಲ್ಲ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಯಾರು ಎಷ್ಟು ಹಾಕಿದರು ಅಂತ ಪಕ್ಕದವರಿಗೂ ಗೊತ್ತಾಗುವುದಿಲ್ಲ. ಸದಸ್ಯರಲ್ಲಿ ತೋಟದ ಕೆಲಸದವರೂ ಇದ್ದಾರೆ. ನನ್ನ ಮೆಷಿನ್‌ನಲ್ಲಿ ಅವರ ಕೂಲಿಯ ದುಡ್ಡೂ ಇದೆ ಅಲ್ವಾ?

ಮನೆ ಕಟ್ಟುವಷ್ಟು ದೊಡ್ಡ ಮೊತ್ತ ಇಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ. ಔಷಧಿ, ಶಾಲೆ ಫೀಸು, ಕೆಲಸದ ಸಾಮಾನು, ಇಂಥದ್ದಕ್ಕೆ ಕೇಳಿ. ಹತ್ತಿರದ ಕ್ಯಾಥೊಲಿಕ್ ಚರ್ಚಿನ ಫಾದರ್ ಬಳಿ ವಿಚಾರಿಸಿದರೆ ಸಾಕು. ಮನೆಯಲ್ಲಿ ಸುಮ್ನೆ ಮೂಲೆ ಸೇರಿದ ಮೆಷಿನ್ ಇದ್ದರೆ ದಯವಿಟ್ಟು ಇವರಿಗೆ ಕೊಡಿ. ಬೆಲ್ಟ್ ಒಂದು ಸರಿ ಇದೆಯಾ ನೋಡಿ ಕೊಡಿ.