ಷೇರು ಬೆಲೆಗೆ ಗೂಗಲ್‌ಫೈನಾನ್ಸ್ ಫಾರ್ಮುಲಾ: ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಕ್ಷಣಕ್ಷಣದ ಬೆಲೆ ನೋಡಿ ಬೆಳಿಗ್ಗೆ ತಗೊಂಡು ಮಧ್ಯಾಹ್ನ ಮಾರುವವರಿಗೆ ಇದು ಆಗಿಬರುವುದಿಲ್ಲ. ಮನೆಮಂದಿಯ ಹೂಡಿಕೆಯೆಲ್ಲ ಒಂದೇ ಹಾಳೆಯಲ್ಲಿ ಕಾಣಬೇಕು, ಲೆಕ್ಕ ನಮ್ಮ ಕೈಯಲ್ಲೇ ಇರಬೇಕು ಅನ್ನುವವರಿಗೆ ಗೂಗಲ್ ಶೀಟ್ಸ್‌ನಲ್ಲಿ ಷೇರು ಬೆಲೆಯನ್ನು ತಾನೇ ತಂದುಕೊಡುವ ಈ ಫಾರ್ಮುಲಾಗಿಂತ ಅನುಕೂಲವಾದದ್ದು ನನಗಂತೂ ಸಿಕ್ಕಿಲ್ಲ. ಕೊರೋನಾಗೆ ಮುಂಚಿನಿಂದ ಬಳಸುತ್ತಿದ್ದೇನೆ, ಒಂದು ಪೈಸೆ ಕೊಟ್ಟಿಲ್ಲ.

ನಾನಿರುವುದು ಚಿಕ್ಕಮಗಳೂರು, ಕೆಲಸ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಲೆಕ್ಕಪತ್ರ ವಿಭಾಗದಲ್ಲಿ. ಮನೆಯಲ್ಲಿ ಮಾವನವರ ಹಳೇ ಷೇರುಗಳು ಒಂದು ಡಿಮ್ಯಾಟ್‌ನಲ್ಲಿ (ಷೇರುಗಳನ್ನು ಇಡುವ ಖಾತೆ), ಯಜಮಾನರದ್ದು ಇನ್ನೊಂದು ಬ್ರೋಕರ್ ಹತ್ತಿರ, ತಿಂಗಳು ತಿಂಗಳು ಕಟ್ಟುವ ನನ್ನ ಮ್ಯೂಚುವಲ್ ಫಂಡ್ ಎಸ್‌ಐಪಿಗಳು ಬೇರೆ. ಬ್ರೋಕರ್ ಆ್ಯಪ್‌ಗಳು ತಮ್ಮಲ್ಲಿರುವುದನ್ನು ಮಾತ್ರ ಚೆನ್ನಾಗಿ ತೋರಿಸುತ್ತವೆ. ಒಂದು ಡಿಮ್ಯಾಟ್‌ನಿಂದ ಇನ್ನೊಂದಕ್ಕೆ ಷೇರು ವರ್ಗಾಯಿಸಿ ನೋಡಿ, ಕೊಂಡ ಬೆಲೆಯ ಜಾಗ ಖಾಲಿ. ನಾವೇ ತುಂಬಬೇಕು. ತುಂಬುವುದು ಹೇಗೂ ನಾವೇ ಆದಮೇಲೆ ನಮ್ಮ ಶೀಟ್‌ನಲ್ಲೇ ಯಾಕೆ ತುಂಬಬಾರದು ಅಂತ ಶುರುಮಾಡಿದ್ದು ಇದು.

ಫಾರ್ಮುಲಾ ಸುಲಭ. ಸೆಲ್‌ನಲ್ಲಿ ಸಮ ಚಿಹ್ನೆ, ಗೂಗಲ್‌ಫೈನಾನ್ಸ್ ಅನ್ನುವ ಪದ, ಬ್ರ್ಯಾಕೆಟ್‌ನೊಳಗೆ ಉದ್ಧರಣ ಚಿಹ್ನೆಯಲ್ಲಿ ವಿನಿಮಯ ಕೇಂದ್ರ ಮತ್ತು ಷೇರಿನ ಸಂಕೇತ: =ಗೂಗಲ್‌ಫೈನಾನ್ಸ್("ಎನ್‌ಎಸ್‌ಇ:ಟಿಸಿಎಸ್"). ಎನ್‌ಎಸ್‌ಇ ಅಂದರೆ ರಾಷ್ಟ್ರೀಯ ಷೇರುಪೇಟೆ. ಟೈಪ್ ಮಾಡುವಾಗ ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಬೇರೇನೂ ಹೇಳದಿದ್ದರೆ ಈಗಿನ ಬೆಲೆ ಕೊಡುತ್ತದೆ. ಅಲ್ಪವಿರಾಮ ಹಾಕಿ ‘ಕ್ಲೋಸ್‌ಯೆಸ್ಟ್’ ಅಂದರೆ ನಿನ್ನೆ ಮುಗಿದ ಬೆಲೆ, ‘ಹೈ52’ ಅಂದರೆ 52 ವಾರದ ಗರಿಷ್ಠ, ‘ಪಿಇ’ ಅಂದರೆ ಬೆಲೆ–ಗಳಿಕೆ ಅನುಪಾತ. ಮುಂಬೈ ಷೇರುಪೇಟೆಯದು ಬೇಕಿದ್ದರೆ ‘ಬಿಎಸ್‌ಇ’ ಅಂತಲ್ಲ, ‘ಬಿಒಎಂ’ ಅಂತ ಹಾಕಿ ಆರಂಕಿಯ ಸಂಖ್ಯೆ ಕೊಡಬೇಕು. ರಿಲಯನ್ಸ್‌ಗೆ 500325, ಇನ್ಫೋಸಿಸ್‌ಗೆ 500209. ನಿಫ್ಟಿ ಸೂಚ್ಯಂಕಕ್ಕೆ ‘ಇಂಡೆಕ್ಸ್‌ಎನ್‌ಎಸ್‌ಇ:ನಿಫ್ಟಿ_50’.

ವಿನಿಮಯ ಕೇಂದ್ರದ ಹೆಸರು ಮಾತ್ರ ಬಿಡಲೇಬೇಡಿ. ಬಿಟ್ಟರೆ ಯಾವ ಪೇಟೆ ಅಂತ ಗೂಗಲ್ ತಾನೇ ಊಹೆ ಮಾಡುತ್ತದೆ. ಇನ್ಫೋಸಿಸ್ ನ್ಯೂಯಾರ್ಕ್ ಪೇಟೆಯಲ್ಲೂ ಅದೇ ‘ಇನ್ಫಿ’ ಸಂಕೇತದಲ್ಲಿ ಡಾಲರ್ ಲೆಕ್ಕದಲ್ಲಿ ವಹಿವಾಟಾಗುತ್ತದೆ. ನಮ್ಮ ಭಾವನವರು ತಮ್ಮದೇ ಶೀಟ್ ಮಾಡಿಕೊಂಡಾಗ ಬರೀ ‘ಇನ್ಫಿ’ ಅಂತ ಹಾಕಿದ್ದರು. ಸಾವಿರದ ಐನೂರರ ಆಸುಪಾಸಿನಲ್ಲಿರಬೇಕಾದ್ದು ಹದಿನೆಂಟು ಅಂತ ತೋರಿಸಿ ಮನೆಯೆಲ್ಲ ಗಾಬರಿ. ಅದು ಡಾಲರ್ ಅಂತ ಗೊತ್ತಾಗುವ ಹೊತ್ತಿಗೆ ಅವರ ಫೋನ್ ಬ್ರೋಕರ್ ಆಫೀಸಿಗೆ ಹೋಗಿ ಆಗಿತ್ತು.

‘ಲೈವ್’ ಅನ್ನುವುದರ ವಿಷಯ. ಬೆಲೆ 20 ನಿಮಿಷದವರೆಗೆ ತಡವಾಗಬಹುದು ಅಂತ ಗೂಗಲ್ ತಾನೇ ಬರೆದುಕೊಂಡಿದೆ. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಲ್ಕುಲೇಷನ್ ಅಂತಿದೆ, ಅಲ್ಲಿ ನಿಮಿಷಕ್ಕೊಮ್ಮೆ ಮರುಲೆಕ್ಕ ಮಾಡು ಅಂತ ಹೇಳಬಹುದು. ಆದರೆ ಗೂಗಲ್‌ಗೆ ಬಂದು ತಲುಪುವುದೇ ತಡವಾಗಿದ್ದರೆ ನಾವು ನಿಮಿಷಕ್ಕೊಮ್ಮೆ ಕೇಳಿ ಏನು ಪ್ರಯೋಜನ? ನಮ್ಮೂರಿನ ಕಾಫಿ ವ್ಯಾಪಾರಿಯ ಅಂಗಡಿ ಬೋರ್ಡಿನ ರೇಟ್ ಇದ್ದ ಹಾಗೆ ಇದು. ಬೋರ್ಡ್ ನೋಡಿ ಅಂದಾಜು ಕಟ್ಟಬಹುದು, ಚೀಲ ಇಳಿಸಿ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಕಾಳಿನ ಪ್ರಮಾಣ) ನೋಡಿದ ಮೇಲೆ ಕೈಗೆ ಸಿಗುವ ದರವೇ ಬೇರೆ. ಷೇರು ಮಾರುವ ದಿನ ಬ್ರೋಕರ್ ಆ್ಯಪ್ ತೆರೆದೇ ಮಾರಬೇಕು. ನಾನು ಈ ಶೀಟ್ ನೋಡುವುದು ಪೇಟೆ 3:30ಕ್ಕೆ ಮುಚ್ಚಿ ಒಂದಷ್ಟು ಹೊತ್ತಾದ ಮೇಲೆ. ಆಗ ತಡದ ಪ್ರಶ್ನೆಯೇ ಇಲ್ಲ.

ತಡಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಹಳೇ ಬೆಲೆಗೆ. ಸೆಲ್‌ನಲ್ಲಿ ಒಂದು ಸಂಖ್ಯೆ ಕಾಣುತ್ತಿರುತ್ತದೆ, ಅದು ಇವತ್ತಿನದೋ ಯಾವತ್ತಿನದೋ ಅದರ ಮುಖ ನೋಡಿ ಗೊತ್ತಾಗುವುದಿಲ್ಲ. ಅದಕ್ಕೆ ‘ಟ್ರೇಡ್‌ಟೈಮ್’ ಅನ್ನುವ ಇನ್ನೊಂದು ಸೂಚಕವಿದೆ. ಕೊನೆಯ ವಹಿವಾಟು ಯಾವಾಗ ಆಯಿತು ಅಂತ ಅದು ಹೇಳುತ್ತದೆ. ಬೆಲೆಯ ಪಕ್ಕದಲ್ಲೇ ಅದಕ್ಕೊಂದು ಕಾಲಂ ಇಡಿ. ನಮ್ಮ ಜಿಲ್ಲೆಯವರು ಬಹಳ ಜನ ಇಟ್ಟುಕೊಂಡಿರುವ ಕಾಫಿ ಡೇ ಷೇರನ್ನೇ ತಗೊಳ್ಳಿ, 2020ರ ಫೆಬ್ರವರಿಯಲ್ಲಿ ವಹಿವಾಟು ನಿಂತಿದ್ದು ಮತ್ತೆ ಶುರುವಾದದ್ದು 2021ರ ಏಪ್ರಿಲ್‌ನಲ್ಲಿ. ಅಂಥ ಹೊತ್ತಲ್ಲಿ ಬೆಲೆಯ ಕಾಲಂ ಒಂದನ್ನೇ ನಂಬಿ ಆಸ್ತಿ ಕೂಡಿಸುವುದಕ್ಕೆ ಅರ್ಥವೇ ಇಲ್ಲ. ನನ್ನ ಶೀಟ್‌ನಲ್ಲಿ ಟ್ರೇಡ್‌ಟೈಮ್ ನಾಲ್ಕು ದಿನಕ್ಕಿಂತ ಹಳೆಯದಾದರೆ ಸಾಲಿಗೆ ಹಳದಿ ಬಣ್ಣ ಬೀಳುವ ಹಾಗೆ ಕಂಡಿಷನಲ್ ಫಾರ್ಮ್ಯಾಟಿಂಗ್ ಹಾಕಿದ್ದೇನೆ. ದಸರಾ, ದೀಪಾವಳಿ ರಜೆ ಸಾಲಾಗಿ ಬಂದಾಗ ಶೀಟೆಲ್ಲ ಹಳದಿಯಾದರೂ ಪರವಾಗಿಲ್ಲ.

ಇದರ ಜೊತೆಗೇ ಇನ್ನೊಂದು. ಅಂತರ್ಜಾಲದಲ್ಲಿ ಸಿಗುವ ರೆಡಿಮೇಡ್ ಶೀಟ್‌ಗಳಲ್ಲಿ ಬೆಲೆ ಫಾರ್ಮುಲಾವನ್ನು ‘ಇಫ್‌ಎರರ್’ ಒಳಗೆ ಸುತ್ತಿ, ಬೆಲೆ ಬರದಿದ್ದರೆ ಸೊನ್ನೆ ತೋರಿಸು ಅಂತ ಇಟ್ಟಿರುತ್ತಾರೆ. ನೋಡಲು ಚಂದ, ಅಪಾಯಕಾರಿ. ಒಂದು ಷೇರಿನ ಬೆಲೆ ಸಿಗದೆ ಸೊನ್ನೆಯಾದರೆ ಒಟ್ಟು ಮೊತ್ತ ಸದ್ದಿಲ್ಲದೆ ಕಮ್ಮಿಯಾಗುತ್ತದೆ. ಲೆಕ್ಕದ ಮನುಷ್ಯಳಾಗಿ ನನಗೆ ತಪ್ಪು ಮೊತ್ತಕ್ಕಿಂತ ಮೊತ್ತವೇ ಬರದಿರುವುದು ವಾಸಿ. ಬೆಲೆ ಸಿಗಲಿಲ್ಲ ಅನ್ನುವ ‘ಹ್ಯಾಶ್ ಎನ್‌ಎ’ ಬಂದರೆ ಬರಲಿ, ಏನೋ ಆಗಿದೆ ಅಂತ ಗೊತ್ತಾಗುತ್ತದಲ್ಲ.

ಟಾಟಾ ಕಾಫಿ ವಿಚಾರದಲ್ಲಿ ಆಗಿದ್ದು ಅದೇ. ಕೊಡಗು, ಹಾಸನ, ಚಿಕ್ಕಮಗಳೂರು ಮೂರೂ ಕಡೆ ತೋಟವಿದ್ದ ಕಂಪನಿ, ಮಾವನವರಿಗೆ ಅದರ ಮೇಲೆ ವಿಶೇಷ ಅಭಿಮಾನ. 2024ರ ಜನವರಿಯಲ್ಲಿ ಅದು ಟಾಟಾ ಕನ್‌ಸ್ಯೂಮರ್ ಪ್ರಾಡಕ್ಟ್ಸ್ ಜೊತೆ ವಿಲೀನವಾಯಿತು, 10 ಷೇರಿಗೆ 3ರ ಲೆಕ್ಕದಲ್ಲಿ ಹೊಸ ಷೇರು. ಸಂಜೆ ಕಣದಿಂದ ಬಂದವರು ನನ್ನ ಲ್ಯಾಪ್‌ಟಾಪ್ ಇಣುಕಿ ನೋಡಿ, “ಏನಮ್ಮಾ ಇದು, ನಮ್ಮ ಕಾಫಿ ಕಂಪ್ನಿ ಎದುರಿಗೆ ಇಂಗ್ಲಿಷ್‌ನಲ್ಲಿ ಏನೋ ಬರ್ಕೊಂಡೈತಲ್ಲ?” ಅಂದರು.

“ಆ ಹೆಸರಲ್ಲಿ ಈಗ ಷೇರೇ ಇಲ್ಲ ಮಾವ. ಹತ್ತಕ್ಕೆ ಮೂರರಂಗೆ ಟೀಪುಡಿ ಕಂಪ್ನಿದು ಕೊಡ್ತಾರೆ.”

“ಕಾಫಿ ಕೊಟ್ಟು ಟೀ ತಗೊಂಡಂಗಾಯ್ತಲ್ಲಮ್ಮಾ!”

ತಮಾಷೆ ಇರಲಿ. ಇಂಥದ್ದು ಯಾವುದೂ ಫಾರ್ಮುಲಾಗೆ ತಿಳಿಯುವುದಿಲ್ಲ. ಬೆಲೆ ಅದರ ಕೆಲಸ, ಎಷ್ಟು ಷೇರಿದೆ ಅನ್ನುವುದು ನಮ್ಮ ಕೆಲಸ. ರಿಲಯನ್ಸ್ 2024ರ ಅಕ್ಟೋಬರ್‌ನಲ್ಲಿ, ಎಚ್‌ಡಿಎಫ್‌ಸಿ ಬ್ಯಾಂಕ್ 2025ರ ಆಗಸ್ಟ್‌ನಲ್ಲಿ ಒಂದಕ್ಕೊಂದು ಬೋನಸ್ (ಇರುವ ಒಂದು ಷೇರಿಗೆ ಇನ್ನೊಂದು ಪುಕ್ಕಟೆ) ಕೊಟ್ಟವು. ಅವತ್ತು ಬೆಲೆ ಅರ್ಧಕ್ಕಿಳಿಯುತ್ತದೆ, ಸಂಖ್ಯೆಯನ್ನು ನಾವು ದುಪ್ಪಟ್ಟು ಮಾಡುವವರೆಗೆ ಶೀಟ್ ಅರ್ಧ ನಷ್ಟ ತೋರಿಸುತ್ತದೆ. ನಾನು ಹಳೇ ಸಾಲನ್ನು ತಿದ್ದುವುದಿಲ್ಲ. ಬೋನಸ್‌ಗೆ ಬೇರೆ ಸಾಲು, ಆ ದಿನಾಂಕ, ಕೊಂಡ ಬೆಲೆ ಸೊನ್ನೆ. ತೆರಿಗೆ ಲೆಕ್ಕಕ್ಕೂ ಅದೇ ಸರಿ, ಬೋನಸ್ ಷೇರಿನ ಕೊಂಡ ಬೆಲೆ ಸೊನ್ನೆಯೇ. ಹಾಗೆಯೇ ಪ್ರತಿ ಖರೀದಿಗೂ ಪ್ರತ್ಯೇಕ ಸಾಲು. ಡಿಮ್ಯಾಟ್‌ನಲ್ಲಿ ಮೊದಲು ಬಂದದ್ದೇ ಮೊದಲು ಹೋಗುವುದು, ಹನ್ನೆರಡು ತಿಂಗಳು ದಾಟಿತೋ ಇಲ್ಲವೋ ಅಂತ ಸಾಲಿನ ಪ್ರಕಾರ ನೋಡಬೇಕು. 2024ರ ಜುಲೈ 23ರಿಂದ ಹನ್ನೆರಡು ತಿಂಗಳು ದಾಟಿದ ದೀರ್ಘಾವಧಿ ಲಾಭಕ್ಕೆ ವರ್ಷಕ್ಕೆ 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ ತೆರಿಗೆ ಶೇ 12.5, ಅಲ್ಪಾವಧಿಗೆ ಶೇ 20. ಸರಾಸರಿ ಬೆಲೆ ಒಂದನ್ನೇ ಬರೆದಿಟ್ಟುಕೊಂಡವರು ಮಾರ್ಚ್ ಕೊನೇ ವಾರದಲ್ಲಿ ಆಡಿಟರ್ ಮುಂದೆ ತಲೆ ಕೆರೆದುಕೊಳ್ಳುವುದನ್ನು ನೋಡಿದ್ದೇನೆ.

ಹಳೇ ದಿನದ ಬೆಲೆಯೂ ಸಿಗುತ್ತದೆ. ಸಂಕೇತದ ಮುಂದೆ ‘ಕ್ಲೋಸ್’ ಮತ್ತು ದಿನಾಂಕ ಕೊಟ್ಟರೆ ತಲೆಬರಹದ ಜೊತೆ ಎರಡು ಕಾಲಂ ಹರಡಿಕೊಳ್ಳುತ್ತದೆ. ಬರೀ ಬೆಲೆ ಬೇಕಿದ್ದರೆ ಇಡೀ ಫಾರ್ಮುಲಾವನ್ನು ‘ಇಂಡೆಕ್ಸ್’ ಒಳಗೆ ಹಾಕಿ ಕೊನೆಗೆ 2,2 ಅನ್ನಿ. 2018ಕ್ಕೆ ಮುಂಚೆ ಕೊಂಡ ಷೇರಿದ್ದವರಿಗೆ ಆ ವರ್ಷದ ಜನವರಿ 31ರ ಗರಿಷ್ಠ ಬೆಲೆ ತೆರಿಗೆಗೆ ಬೇಕಾಗುತ್ತದೆ, ‘ಹೈ’ ಅಂತ ಕೊಟ್ಟು ತೆಗೆಯಬಹುದು. ಆಮೇಲೆ ಬೋನಸ್, ವಿಭಜನೆ ಏನಾದರೂ ಆಗಿದ್ದರೆ ಮಾತ್ರ ವಿನಿಮಯ ಕೇಂದ್ರದ ದಾಖಲೆ ಜೊತೆ ತಾಳೆ ನೋಡಿಯೇ ಬಳಸಿ.

ಮ್ಯೂಚುವಲ್ ಫಂಡ್‌ಗೆ ನಾನು ಈ ಫಾರ್ಮುಲಾ ನಂಬುವುದಿಲ್ಲ. ಫಂಡ್ ಕಂಪನಿಗಳ ಒಕ್ಕೂಟವಾದ ಆಂಫಿ ಎಲ್ಲ ಫಂಡ್‌ಗಳ ಎನ್‌ಎವಿಯನ್ನು (ಒಂದು ಯೂನಿಟ್‌ನ ಬೆಲೆ) ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಪ್ರತಿದಿನ ಹಾಕುತ್ತದೆ, ಅರ್ಧವಿರಾಮದಿಂದ ಬೇರ್ಪಡಿಸಿದ ಸಾಲುಗಳು. ಅದನ್ನು ‘ಇಂಪೋರ್ಟ್‌ಡೇಟಾ’ದಿಂದ ಎಳೆದು, ಸ್ಕೀಮ್ ಸಂಖ್ಯೆ ಹಿಡಿದು ‘ವಿಲುಕಪ್’ನಿಂದ ಹುಡುಕಿ ತೆಗೆದರೆ ಮುಗಿಯಿತು. ದೊಡ್ಡ ಫೈಲು, ಫೋನಿನಲ್ಲಿ ತೆರೆದರೆ ಶೀಟು ಕುಂಟುತ್ತದೆ. ಅದಕ್ಕಾಗಿ ಬೇರೆಯದೇ ಶೀಟ್‌ನಲ್ಲಿಟ್ಟು ಬೇಕಾದ ನಾಲ್ಕೈದು ಸಾಲು ಮಾತ್ರ ಈ ಕಡೆ ತರಿಸಿಕೊಳ್ಳುವುದು ಒಳ್ಳೆಯದು.

ಈ ಶೀಟ್‌ನಿಂದ ನನಗೆ ನಿಜವಾಗಿ ಉಪಕಾರವಾದದ್ದು ಬೆಲೆಯಿಂದಲ್ಲ, ‘ಎಕ್ಸ್‌ಐಆರ್‌ಆರ್’ ಅನ್ನುವ ಇನ್ನೊಂದು ಫಾರ್ಮುಲಾದಿಂದ. ದುಡ್ಡು ಹಾಕಿದ ದಿನಾಂಕಗಳ ಎದುರು ಋಣ ಚಿಹ್ನೆಯಲ್ಲಿ ಮೊತ್ತ, ಬಂದ ಡಿವಿಡೆಂಡ್ ಧನದಲ್ಲಿ, ಕೊನೇ ಸಾಲಿನಲ್ಲಿ ಇವತ್ತಿನ ದಿನಾಂಕ ಮತ್ತು ಇವತ್ತಿನ ಬೆಲೆಯ ಮೊತ್ತ. ವರ್ಷಕ್ಕೆ ಶೇಕಡಾ ಎಷ್ಟು ಬಂತು ಅಂತ ಹೇಳಿಬಿಡುತ್ತದೆ. “ನಂದು ಡಬಲ್ ಆಗೈತೆ” ಅನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ. ಹತ್ತು ವರ್ಷದಲ್ಲಿ ದುಪ್ಪಟ್ಟಾಯಿತು ಅಂದರೆ ವರ್ಷಕ್ಕೆ ಶೇ 7.2. ಬ್ಯಾಂಕಿನ ಎಫ್‌ಡಿ ಪಕ್ಕದಲ್ಲಿಟ್ಟು ನೋಡಿದರೆ ಹಿಗ್ಗುವಂಥದ್ದೇನಿಲ್ಲ. ಡಿವಿಡೆಂಡ್ ಮಾತ್ರ ಕೈಯಿಂದಲೇ ಬರೆಯಬೇಕು, ಗೂಗಲ್‌ಫೈನಾನ್ಸ್ ಅದನ್ನು ಕೊಡುವುದಿಲ್ಲ. ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡು ಮೂರು ತಿಂಗಳಿಗೊಮ್ಮೆ ಕೂರುತ್ತೇನೆ.

ತೋಟದವರಿಗೆ ಒಂದು ಉಪಯೋಗ. ‘ಕರೆನ್ಸಿ:ಯುಎಸ್‌ಡಿಐಎನ್‌ಆರ್’ ಅಂತ ಕೊಟ್ಟರೆ ಡಾಲರ್ ದರ ಬರುತ್ತದೆ. ನ್ಯೂಯಾರ್ಕ್‌ನ ಅರೇಬಿಕಾ ಕಾಫಿಯ ವಾಯಿದಾ (ಮುಂಗಡ ವ್ಯಾಪಾರದ) ದರ ಇರುವುದು ಪೌಂಡಿಗೆ ಇಷ್ಟು ಸೆಂಟ್ ಅಂತ. ಅದನ್ನು 100ರಿಂದ ಭಾಗಿಸಿ, ಡಾಲರ್ ದರದಿಂದ ಗುಣಿಸಿ, 0.4536ರಿಂದ ಭಾಗಿಸಿದರೆ ಕೆಜಿಗೆ ರೂಪಾಯಿ. ಸೆಂಟ್ ದರವನ್ನು ಮಾತ್ರ ನಾವೇ ತುಂಬಬೇಕು. ಬಂದ ಅಂಕಿ ಸಿಪ್ಪೆ ತೆಗೆದ ಕ್ಲೀನ್ ಕಾಫಿಯದು, ಸಿಪ್ಪೆ ಇರುವ 50 ಕೆಜಿ ಪಾರ್ಚ್‌ಮೆಂಟ್ ಚೀಲಕ್ಕೆ ಅದನ್ನೇ ಗುಣಿಸಿ ವ್ಯಾಪಾರಿ ಜೊತೆ ಜಗಳಕ್ಕೆ ಹೋಗಬೇಡಿ, ಸಿಪ್ಪೆ ತೂಕ ಕಳೆಯಬೇಕು.

ಎಕ್ಸೆಲ್ ಕೂಡ ನೋಡಿದ್ದೇನೆ. ಮೈಕ್ರೋಸಾಫ್ಟ್ 365 ಚಂದಾ ಇದ್ದರೆ ಡೇಟಾ ಟ್ಯಾಬ್‌ನಲ್ಲಿ ‘ಸ್ಟಾಕ್ಸ್’ ಅಂತಿದೆ, ಹಳೇ ಬೆಲೆಗೆ ‘ಸ್ಟಾಕ್‌ಹಿಸ್ಟರಿ’ ಇದೆ. ಆಫೀಸಿನಲ್ಲಿ ಚಂದಾ ಇದ್ದವರಿಗೆ ಸರಿ, ಇದಕ್ಕೋಸ್ಕರವೇ ಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ. ಇನ್ನು ಪುಕ್ಕಟೆ ಸಿಗುವುದಕ್ಕೆ ಯಾರೂ ಹೊಣೆಯಿಲ್ಲ ಅನ್ನುವುದು ನೆನಪಿರಲಿ. ಒಂದು ಕಾಲದಲ್ಲಿ ಎಷ್ಟೋ ಜನರ ಶೀಟ್‌ಗಳಿಗೆ ಬೆಲೆ ಕೊಡುತ್ತಿದ್ದ ಯಾಹೂ ಫೈನಾನ್ಸ್‌ನ ಉಚಿತ ಸೇವೆ 2017ರ ನವೆಂಬರ್‌ನಲ್ಲಿ ನಿಂತೇಹೋಯಿತು. ಹಾಗಾಗಿ ಪ್ರತಿ ಸಂಜೆ ಒಟ್ಟು ಮೊತ್ತವನ್ನು ಬೇರೆ ಟ್ಯಾಬ್‌ನಲ್ಲಿ ಸಂಖ್ಯೆಯಾಗಿಯೇ ಬರೆದಿಡುವ ಸಣ್ಣ ಸ್ಕ್ರಿಪ್ಟ್ ಹಾಕಿಕೊಂಡಿದ್ದೇನೆ. ಹಳೇ ಬೆಲೆಗಳ ಸರಣಿಯನ್ನು ಸ್ಕ್ರಿಪ್ಟ್ ಮೂಲಕ ಎಳೆಯಲು ಗೂಗಲ್ ಬಿಡುವುದಿಲ್ಲ, ಇವತ್ತಿನದನ್ನು ಇವತ್ತೇ ಬರೆದಿಟ್ಟುಕೊಳ್ಳಬೇಕು.

ಶೀಟ್ ಕಳಿಸಿ ಅಂತ ನೆಂಟರು ಕೇಳುತ್ತಾರೆ, ನಾನು ಕಳಿಸುವುದಿಲ್ಲ. ಬೇರೆಯವರ ಫಾರ್ಮುಲಾ ಕೆಟ್ಟಾಗ ಎಲ್ಲಿ ಕೆಟ್ಟಿತು ಅಂತ ಹುಡುಕುವುದೇ ಕಷ್ಟ. ಹೆಸರು, ಸಂಕೇತ, ಕೊಂಡ ದಿನ, ಸಂಖ್ಯೆ, ಕೊಂಡ ಬೆಲೆ, ಇವತ್ತಿನ ಬೆಲೆ, ಟ್ರೇಡ್‌ಟೈಮ್. ಈ ಏಳು ಕಾಲಂ ಮೊದಲು ಸಾಕು. ಒಂದೇ ಒಂದು ಷೇರು ಹಾಕಿ, ಸಂಜೆ ನಾಲ್ಕೂವರೆಗೆ ಎನ್‌ಎಸ್‌ಇ ವೆಬ್‌ಸೈಟ್‌ನ ಬೆಲೆ ಜೊತೆ ತಾಳೆ ನೋಡಿ. ಕೂಡಿಬಂದರೆ ಮಾರನೇ ದಿನ ಉಳಿದದ್ದು ಸೇರಿಸಿ. ಡಿಮ್ಯಾಟ್ ಖಾತೆ ಸಂಖ್ಯೆ, ಪ್ಯಾನ್, ಪಾಸ್‌ವರ್ಡ್ ಇವನ್ನೆಲ್ಲ ಆ ಶೀಟ್‌ಗೆ ತರಲೇಬೇಡಿ, ಮನೆಯವರಿಗೆ ಹಂಚಿಕೊಳ್ಳುವಾಗಲೂ ನೋಡಲು ಮಾತ್ರ ಅನುಮತಿ ಕೊಡಿ.