ಹಬ್ಬದ ಹೂಮಾಲೆ ಬಾಡದಂತೆ ಇಡಲು ಬಾಳೆಲೆಯೋ, ಪ್ಲಾಸ್ಟಿಕ್ ಡಬ್ಬವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಾಳೆಲೆಗೆ. ಬಾಳೆಲೆ, ಒಂದು ತೆಳು ಹತ್ತಿ ಬಟ್ಟೆ, ಮುಚ್ಚಳ ಇರುವ ಸ್ಟೀಲ್ ಡಬ್ಬ. ಈ ಮೂರಿದ್ದರೆ ಬುಧವಾರ ಸಂಜೆ ತಂದ ಮಲ್ಲಿಗೆ ಮಾಲೆ ಶುಕ್ರವಾರ ಬೆಳಿಗ್ಗೆ ಕಳಶಕ್ಕೆ ಹಾಕುವಾಗಲೂ ಬೆಳ್ಳಗೇ ಇರುತ್ತದೆ.

ಬುಧವಾರವೇ ಯಾಕೆ ತರಬೇಕು? ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಹೋದವರನ್ನು ಕೇಳಿ. ಕನಕಾಂಬರದ ಕಿಲೋ ದರ ಸಾವಿರಗಳಲ್ಲಿರುತ್ತದೆ. ಮಲ್ಲಿಗೆ ಅದರ ಬೆನ್ನಿಗೇ ಏರುತ್ತದೆ. ಮನೆ ಹತ್ತಿರ ಮೊಳಕ್ಕೆ ಹೇಳುವ ಬೆಲೆ ಕೇಳಿದರೆ ಮಾರು ಕೊಳ್ಳುವ ಆಸೆಯೇ ಹೋಗುತ್ತದೆ. ಸ್ವಲ್ಪ ಮೊದಲೇ ತಂದರೆ ಆ ದುಡ್ಡು ಉಳಿಯುತ್ತದೆ. ಆದರೆ ತಂದಿದ್ದು ಬಾಡಿಹೋದರೆ ಉಳಿಸಿದ್ದೂ ಹೋಯಿತು, ಹೂವೂ ಹೋಯಿತು.

ಈ ಕಾರಣಕ್ಕೇ ನಾನು ಆನ್‌ಲೈನ್‌ನಲ್ಲಿ ಹೂವು ಇಡುವ ಡಬ್ಬ ಅಂತ ಒಂದನ್ನು ತರಿಸಿದ್ದೆ. ಬೆಲೆ 600 ರೂಪಾಯಿ ಹತ್ತಿರ. ಗಾಳಿಯಾಡದ ಮುಚ್ಚಳ, ಕೆಳಗೆ ಜಾಲರಿ ತಟ್ಟೆ. ಹೂವು ವಾರಗಟ್ಟಲೆ ತಾಜಾ ಇರುತ್ತದೆ ಅಂತ ಬರೆದಿತ್ತು. ಮಾಲೆ ಸುತ್ತಿಟ್ಟು ಫ್ರಿಜ್‌ಗೆ ಇಟ್ಟೆ. ಮರುದಿನ ತೆಗೆದರೆ ಮೇಲಿನ ಸಾಲಿನ ಮೊಗ್ಗುಗಳ ಮೇಲೆ ಕಂದು ಚುಕ್ಕೆ. ಅದರ ಮರುದಿನ ಆ ಚುಕ್ಕೆಗಳೆಲ್ಲ ಸೇರಿ ಮೊಗ್ಗೇ ಕಂದಾಗಿತ್ತು. ಕೆಳಗಿನ ಸಾಲು ಮಾತ್ರ ಚೆನ್ನಾಗಿತ್ತು.

ಮೇಲಿನದೇ ಯಾಕೆ ಹಾಳಾಯಿತು ಅಂತ ನೋಡಿದರೆ ಮುಚ್ಚಳದ ಒಳಭಾಗದಲ್ಲಿ ಉತ್ತರ ಸಿಕ್ಕಿತು. ಅಲ್ಲಿ ಹನಿಗಳು ಸಾಲಾಗಿ ನಿಂತಿದ್ದವು. ಕಿತ್ತ ಹೂವು ಉಸಿರಾಡುತ್ತಲೇ ಇರುತ್ತದೆ, ಒಳಗಿನ ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತದೆ. ಗಿಡದಲ್ಲಿದ್ದಾಗ ಬೇರು ಮತ್ತೆ ನೀರು ಕೊಡುತ್ತಿತ್ತು, ಈಗ ಕೊಡುವವರಿಲ್ಲ. ಡಬ್ಬದಲ್ಲಿ ಆ ಆವಿಗೆ ಹೊರಗೆ ಹೋಗಲು ದಾರಿಯಿಲ್ಲ. ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ. ಫ್ರಿಜ್ ಬಾಗಿಲು ತೆಗೆದು ಹಾಕಿದಾಗೆಲ್ಲ ಡಬ್ಬ ಅಲುಗುತ್ತದೆ, ಹನಿ ಮೊಗ್ಗಿನ ಮೇಲೆ ಬೀಳುತ್ತದೆ. ದಳದ ಮೇಲೆ ನೀರು ನಿಂತ ಜಾಗ ಕೊಳೆಯುತ್ತದೆ. ಮಲ್ಲಿಗೆಯ ದಳ ತುಂಬಾ ನಾಜೂಕು, ಬಿಳಿ ಬೇರೆ. ಒಂದು ಚುಕ್ಕೆಯೂ ಎದ್ದು ಕಾಣುತ್ತದೆ.

ಜಾಲರಿ ತಟ್ಟೆ ಇರುವುದು ಕೆಳಗೆ. ನೀರು ಬರುವುದು ಮೇಲಿಂದ. ಡಬ್ಬ ಮಾಡಿದವರು ಒಮ್ಮೆ ಮಲ್ಲಿಗೆ ಇಟ್ಟು ನೋಡಿದ್ದರೆ ಇದು ಗೊತ್ತಾಗುತ್ತಿತ್ತು. ಮುಚ್ಚಳ ಸ್ವಲ್ಪ ಓರೆ ಮಾಡಿ ಇಟ್ಟೆ. ಹನಿ ನಿಂತಿತು, ಆದರೆ ಹೂವು ಸುಕ್ಕಾಯಿತು. ನಮ್ಮದು ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್. ಒಳಗೆ ಫ್ಯಾನ್ ಸುತ್ತುತ್ತದೆ, ಗಾಳಿ ಒಣಗಿರುತ್ತದೆ. ಮುಚ್ಚಿದರೆ ಕೊಳೆ, ತೆರೆದರೆ ಒಣಗು. ಪೇಪರ್ ಟವಲ್ ಹಾಸಿದೆ, ಅದು ಹನಿ ಹೀರಿ ಮುದ್ದೆಯಾಗಿ ಹೂವಿಗೇ ಅಂಟಿಕೊಂಡಿತು.

ಹೂವು ಮಾರುವವರು ಕಟ್ಟಿಕೊಡುವ ತೆಳು ಪ್ಲಾಸ್ಟಿಕ್ ಕವರ್ ಇದಕ್ಕಿಂತ ಕೆಟ್ಟದ್ದು. ಮನೆಗೆ ತರುವವರೆಗೆ ಸಾಕು.

ಇನ್ನು ಬಾಳೆಲೆ. ಉಡುಪಿ ಮಲ್ಲಿಗೆ ಕೊಂಡವರಿಗೆ ಇದು ಹೊಸದಲ್ಲ. ಉಡುಪಿ ಜಿಲ್ಲೆಯ ಶಂಕರಪುರದ ಕಡೆ ಮಲ್ಲಿಗೆಯನ್ನು ಬಾಳೆ ನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲೇ ಸುತ್ತುತ್ತಾರೆ. ಸುಮಾರು 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬಸ್ಸಲ್ಲಿ ದೂರದ ಊರಿಗೆ ಹೋಗುವ ಹೂವು ಅದು. ಬೆಳೆದವರಿಗೆ ಹೂವು ಹಾಳಾದರೆ ಆ ದಿನದ ಸಂಪಾದನೆಯೇ ಹಾಳು. ಅವರು ನಂಬಿದ ಎಲೆಯನ್ನು ನಾನೂ ನಂಬಿದೆ.

ಮಾಡುವುದು ಹೀಗೆ. ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಬೇಕು. ಹಳೆ ಪಂಚೆಯ ತುಂಡು ಇದಕ್ಕೆ ಬಹಳ ಒಳ್ಳೆಯದು. ಕೈಗೆ ತಣ್ಣಗೆ ಅನಿಸಬೇಕು, ನೀರು ತೊಟ್ಟಿಕ್ಕಬಾರದು. ಮಾಲೆಯನ್ನು ಬಾಳೆಲೆಯಲ್ಲಿ ಸಡಿಲವಾಗಿ ಸುತ್ತಿ, ಅದರ ಮೇಲೆ ಈ ಬಟ್ಟೆ ಸುತ್ತಿ, ಸ್ಟೀಲ್ ಡಬ್ಬದಲ್ಲಿಟ್ಟು ಮುಚ್ಚಿ. ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಡಿ. ಫ್ರೀಜರ್ ಹತ್ತಿರ ಬೇಡವೇ ಬೇಡ, ಹೂವಿನೊಳಗಿನ ನೀರು ಮಂಜಾದರೆ ದಳ ಗಾಜಿನಂತಾಗಿ ಆಮೇಲೆ ಮೆತ್ತಗಾಗುತ್ತದೆ. ಮುಚ್ಚಳದಿಂದ ಬೀಳುವ ಹನಿಯನ್ನು ಬಟ್ಟೆ ಹೀರುತ್ತದೆ. ಬಟ್ಟೆಯಿಂದ ಇಳಿದಿದ್ದು ಎಲೆಯ ಮೇಣದಂಥ ಮೈ ಮೇಲೆ ಜಾರಿಹೋಗುತ್ತದೆ. ಹೂವಿಗೆ ತಂಪು ಸಿಗುತ್ತದೆ, ನೀರು ತಾಗುವುದಿಲ್ಲ.

ಇದೇ ಬಟ್ಟೆ, ಇದೇ ಎಲೆಯನ್ನು ಆ 600 ರೂಪಾಯಿಯ ಡಬ್ಬದೊಳಗೆ ಇಟ್ಟರೂ ಹೂವು ಚೆನ್ನಾಗಿಯೇ ಇತ್ತು. ಅಲ್ಲಿಗೆ ಕೆಲಸ ಮಾಡಿದ್ದು ಎಲೆ ಮತ್ತು ಬಟ್ಟೆ. ಡಬ್ಬ ಯಾವುದಾದರೇನು? ಮನೆಯಲ್ಲಿ ಸ್ಟೀಲ್ ಡಬ್ಬ ಇರುವಾಗ ಬೇರೆ ಕೊಳ್ಳಬೇಕಾಗಿಲ್ಲ.

ಸ್ಟೀಲ್‌ಗೆ ಇನ್ನೊಂದು ಕಾರಣವೂ ಇದೆ. ನಮ್ಮ ಅತ್ತೆಗೆ ದೇವರ ಹೂವು ಎಂಜಲು, ಮುಸುರೆ ಪಾತ್ರೆಗಳ ಜೊತೆ ಇರುವುದು ಇಷ್ಟವಿಲ್ಲ. ಅವರ ಮಾತನ್ನು ನಾನು ಒಪ್ಪುತ್ತೇನೆ. ಹಾಗಾಗಿ ಹೂವಿಗೆ ಅಂತಲೇ ಒಂದು ಸ್ಟೀಲ್ ಡಬ್ಬ ಬೇರೆ ಎತ್ತಿಟ್ಟಿದ್ದೇವೆ, ತೊಳೆದು ದೇವರ ಮನೆಯಲ್ಲೇ ಇರುತ್ತದೆ. ಪ್ಲಾಸ್ಟಿಕ್ ಒಮ್ಮೆ ಈರುಳ್ಳಿ, ಹುಳಿ ಹಿಟ್ಟಿನ ವಾಸನೆ ಹಿಡಿದರೆ ಬಿಡುವುದಿಲ್ಲ. ಸ್ಟೀಲ್ ಬಿಡುತ್ತದೆ.

ಹಬ್ಬದ ಹಣ್ಣನ್ನು ಮಾತ್ರ ಹೂವಿನ ಪಕ್ಕ ಇಡಬೇಡಿ. ಮಾಗಿದ ಬಾಳೆಹಣ್ಣು, ಸೇಬು ಎಥಿಲೀನ್ ಅನಿಲ ಬಿಡುತ್ತವೆ. ಹಣ್ಣು ಮಾಗಿಸುವ ಅದೇ ಅನಿಲ ಎಷ್ಟೋ ಹೂವುಗಳನ್ನು ಬೇಗ ಬಾಡಿಸುತ್ತದೆ. ಹಬ್ಬದ ಮುಂಚೆ ಎರಡೂ ಒಂದೇ ತಟ್ಟೆಯಲ್ಲಿ ಕೂರುವುದೇ ಜಾಸ್ತಿ, ಅಲ್ವಾ?

ಫ್ರಿಜ್ ಇಲ್ಲದೆಯೂ ಆಗುತ್ತದೆ. ಬಾಳೆಲೆ ಸುತ್ತಿ, ಒದ್ದೆ ಬಟ್ಟೆ ಹೊದಿಸಿ, ಮಣ್ಣಿನ ಮಡಕೆಯ ಪಕ್ಕ ನೆಲದ ಮೇಲಿಟ್ಟರೆ ಒಂದು ರಾತ್ರಿಗೆ ಮೋಸವಿಲ್ಲ. ಆದರೆ ಮಲ್ಲಿಗೆ ಮೊಗ್ಗು ರಾತ್ರಿ ಅರಳಿಬಿಡುತ್ತದೆ. ಘಮ ಅಡುಗೆಮನೆಗೆ, ಬೆಳಿಗ್ಗೆ ದೇವಿಗೆ ಅರಳಿ ಸೋತ ಹೂವು. ತಂಪಿನಲ್ಲಿದ್ದರೆ ಅರಳುವುದು ನಿಧಾನವಾಗುತ್ತದೆ. ನನಗೆ ಫ್ರಿಜ್ ಬೇಕೆನಿಸುವುದು ಇದಕ್ಕೇ.

ಊರಿಂದ ಬಸ್ಸಲ್ಲಿ ಹೂವು ತರಬೇಕಾದರೆ ಥರ್ಮಾಕೋಲ್ ಪೆಟ್ಟಿಗೆ ಸರಿ. ಐಸ್‌ಗೂ ಹೂವಿಗೂ ನಡುವೆ ದಪ್ಪ ಪೇಪರ್ ಇರಲಿ.

ಎಲ್ಲ ಹೂವಿಗೂ ಈ ಉಪಚಾರ ಬೇಕಾಗಿಲ್ಲ. ಕನಕಾಂಬರ ತಾಳಿಕೆಯ ಹೂವು, ಬಾಳೆಲೆಯಲ್ಲಿ ಸುಮ್ನೆ ಹೊರಗಿಟ್ಟರೂ ಮರುದಿನಕ್ಕೆ ಸರಿಯಾಗಿರುತ್ತದೆ. ಸೇವಂತಿಗೆ, ಚೆಂಡು ಹೂವನ್ನು ಅಗಲವಾದ ಬುಟ್ಟಿಯಲ್ಲಿ ಹರಡಿ. ನೀರು ಚಿಮುಕಿಸಬೇಡಿ, ದಳಗಳ ನಡುವೆ ಇಳಿದರೆ ಒಳಗಿಂದ ಕೊಳೆಯುತ್ತದೆ. ತುಳಸಿಯನ್ನು ಫ್ರಿಜ್‌ಗೆ ಇಡಲೇಬೇಡಿ, ಚಳಿಗೆ ಎಲೆ ಕಪ್ಪಾಗುತ್ತದೆ.

ಮಾವಿನ ತೋರಣದ ಕಥೆ ಬೇರೆ. ಬಿಡಿ ಎಲೆ ಕೊಳ್ಳುವುದೋ, ರೆಂಬೆಯೋ? ರೆಂಬೆಯೇ. ಬಕೆಟ್ ನೀರಲ್ಲಿ ನಿಲ್ಲಿಸಿದರೆ ಹಬ್ಬದ ಬೆಳಿಗ್ಗೆವರೆಗೂ ನೀರು ಕುಡಿಯುತ್ತಿರುತ್ತದೆ. ಬಿಡಿ ಎಲೆಯನ್ನು ಎಷ್ಟು ನೆನೆಸಿದರೂ ಅಷ್ಟು ತಾಳುವುದಿಲ್ಲ. ಬಲಿತ ಕಡುಹಸಿರು ಎಲೆ ಆರಿಸಿ. ಕೆಂಪು ಚಿಗುರು ನೋಡಲು ಚಂದ, ಮಧ್ಯಾಹ್ನಕ್ಕೇ ಜೋತುಬೀಳುತ್ತದೆ. ನಮ್ಮ ಬಾಗಿಲು ಪಶ್ಚಿಮಕ್ಕಿದೆ, ಸಂಜೆ ಬಿಸಿಲು ನೇರ ಹೊಡೆಯುತ್ತದೆ. ಅದಕ್ಕೆ ತೋರಣವನ್ನು ಬಾಗಿಲ ಒಳಗಿನ ಅಂಚಿಗೆ ಕಟ್ಟುತ್ತೇನೆ. ಪ್ಲಾಸ್ಟಿಕ್ ತೋರಣ ವರ್ಷಗಟ್ಟಲೆ ಬಾಳುತ್ತದೆ, ನನಗೆ ಬೇಡ.

ಹೂವು ಹಾಕಿದ ಮೇಲೆ ಫ್ಯಾನ್ ಆಫ್ ಮಾಡಿ. ಪೂಜೆಗೆ ಬಂದವರಿಗೆ ಸೆಕೆಯಾದರೆ ಕಳಶದ ಕಡೆ ಗಾಳಿ ಬರದ ಹಾಗೆ ಟೇಬಲ್ ಫ್ಯಾನ್ ತಿರುಗಿಸಿಡಿ. ಸ್ಪ್ರೇ ಬಾಟಲಿಯಿಂದ ನೀರು ಹೊಡೆಯುವುದು ಎಲೆಗೆ ಸರಿ, ಮಲ್ಲಿಗೆಗೆ ಬೇಡ.

ಕೆಲಸಕ್ಕೆ ಹೋಗುವವರು, ಶುಕ್ರವಾರ ನಸುಕಿನಲ್ಲಿ ಮಾರ್ಕೆಟ್‌ಗೆ ಹೋಗಬಲ್ಲವರು, ಬೆಲೆಯ ಚಿಂತೆ ಇಲ್ಲದವರು ಇದನ್ನೆಲ್ಲ ಮಾಡಬೇಕಿಲ್ಲ. ನಾನು ಹಬ್ಬದ ಹೂವಿಗೆ ಇಷ್ಟು ಅಂತ ದುಡ್ಡು ಎತ್ತಿಡುವವಳು. ಗುರುವಾರ ಇಡೀ ದಿನ ಒಬ್ಬಟ್ಟಿನ ಕೆಲಸ ಬೇರೆ ಇರುತ್ತದೆ. ನನಗೆ ಬುಧವಾರದ ಹೂವು, ಊಟದ ಎಲೆಯ ಕಟ್ಟಿನಿಂದ ತೆಗೆದ ಒಂದು ಹರಿದ ಬಾಳೆಲೆ, ಹಳೆ ಪಂಚೆ ತುಂಡು ಸಾಕು. ಆನ್‌ಲೈನ್ ಡಬ್ಬದಲ್ಲಿ ಈಗ ಕರಿಬೇವು ಇಟ್ಟಿದ್ದೇನೆ. ಅದಕ್ಕೆ ಚೆನ್ನಾಗಿದೆ.